ಎಡಗಡೆಯ ಸ್ಟೂಲು

ಹೋದ ಭಾನುವಾರ ಮಗಳು ಗಿರಿಜಾಳನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಏಳನೇ ಇಯತ್ತೆಗೆ ಬಂದಾಗಿನಿಂದ ಅವಳು ಪುಸ್ತಕವನ್ನು ಓದುತ್ತಾಳೋ ಮೂಸುತ್ತಾಳೋ ತಿಳಿಯದಷ್ಟು ಹತ್ತಿರ ಹಿಡಿಯತೊಡಗಿದ್ದಳು. ಅಂಗಡಿಯವನು ಅವಳನ್ನು ಎತ್ತರದ ಕುರ್ಚಿಯ ಮೇಲೆ ಕೂಡಿಸಿ, ಒಂದು ಕಣ್ಣು ಮುಚ್ಚಿಸಿ, ಎದುರು ಗೋಡೆಯ ಮೇಲಿನ ಅಕ್ಷರ ಓದು ಎಂದ. ಮೊದಲ ಸಾಲು ಸರಾಗವಾಗಿ ಓದಿದಳು. ಎರಡನೆಯದನ್ನು ತುಸು ನಿಧಾನಕ್ಕೆ ಓದಿದಳು. ಮೂರನೆಯ ಸಾಲಿಗೆ ಬಂದಾಗ ತಡವರಿಸಿ, ಗೋಡೆ ಬಿಟ್ಟು ಎಡಕ್ಕೆ ತಿರುಗಿದಳು. ಎಡಕ್ಕೆ ನಾನು ನಿಂತಿದ್ದೆ. ನನ್ನ ತುಟಿಗಳು ಆಗಲೇ ‘ಎಫ್’ ಎನ್ನುವುದಕ್ಕೆ ತಯಾರಾಗಿದ್ದವು.

“ಕಾಕಾ, ತುಮಚೇ ಡೋಳೇ ನಂತರ ತಪಾಸೂ,” ಎಂದ ಅಂಗಡಿಯವನು. ನಿಮ್ಮ ಕಣ್ಣನ್ನು ಆಮೇಲೆ ನೋಡೋಣ, ಈಗ ಹುಡುಗಿಗೆ ಓದಲು ಬಿಡಿ ಎಂದು ಅರ್ಥ. ನಾನು ತುಟಿ ಮುಚ್ಚಿಕೊಂಡು, ಕನ್ನಡಕದ ಚೌಕಟ್ಟುಗಳನ್ನು ನೋಡುವವನ ಹಾಗೆ ಅಂಗಡಿ ತುಂಬ ಓಡಾಡತೊಡಗಿದೆ.

ಎಡಕ್ಕೆ ನೋಡುವ ಈ ಚಾಳಿ ಅವಳಿಗೆ ಅಂಟಿ ಐದು ವರ್ಷವಾಯಿತು. ಯಾರು ಏನೇ ಕೇಳಲಿ, ಮೊದಲು ಒಂದು ಗಳಿಗೆ ಎಡಕ್ಕೆ ನೋಡಿ ಆಮೇಲೆ ಉತ್ತರ ಕೊಡುತ್ತಾಳೆ. ಎಡಕ್ಕೆ ಗೋಡೆ ಇದ್ದರೆ ಗೋಡೆಯನ್ನೇ ನೋಡುತ್ತಾಳೆ. ಬಂದವರು “ಯಾವ ಇಯತ್ತೆ ಓದ್ತೀಯವಾ?” ಎಂದು ಕೇಳಿದರೂ ಅಷ್ಟೇ. ಬಂದವರು ಪಾಪ, ಅಲ್ಲಿ ಏನೋ ಇದೆ ಎಂದು ತಾವೂ ಒಮ್ಮೆ ಎಡಕ್ಕೆ ನೋಡುತ್ತಾರೆ. ನನ್ನ ಹೆಂಡತಿ ಶೈಲಾ ಇದನ್ನು ಬಿಟ್ಟುಕೊಡುವವಳಲ್ಲ. “ಮಂದಿ ಮಕ್ಕಳಿಗೆ ಮೂಗ ಕೊಡ್ತಾರ, ಬಣ್ಣಾ ಕೊಡ್ತಾರ. ನೀವು ನೋಡ್ರಿ, ಎಡಕ್ಕ ನೋಡೂದು ಕೊಟ್ಟೀರಿ,” ಎನ್ನುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ, ಆದ್ದರಿಂದ ನನಗೆ ಸಿಟ್ಟು ಬರುತ್ತದೆ.

ಇದು ನಿಮಗೆ ಅರ್ಥವಾಗಬೇಕಾದರೆ ನನ್ನ ಸ್ವಭಾವ ಸ್ವಲ್ಪ ಗೊತ್ತಿರಬೇಕು. ನಾನು ಧಾರವಾಡದವನು. ಪುಣೆಗೆ ಬಂದು ಇಪ್ಪತ್ತು ವರ್ಷ ಮೀರಿತು. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಗಾಡಿಗಳ ಬಿಡಿಭಾಗ ತಪಾಸಣೆ ಮಾಡುವುದು ನನ್ನ ಕೆಲಸ. ಒಂದು ಗೆರೆ ಬಿದ್ದಿದ್ದರೆ, ಒಂದು ಕೂದಲೆಳೆ ದಪ್ಪವಾಗಿದ್ದರೆ ಅದಕ್ಕೆ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ಇಡುತ್ತೇನೆ. ತಪ್ಪು ಮಾಲು ಗೇಟು ದಾಟಬಾರದು. ಇಪ್ಪತ್ತು ವರ್ಷದಿಂದ ಇದೊಂದೇ ಮಂತ್ರ ಜಪಿಸುತ್ತ ಬಂದಿದ್ದೇನೆ. ಮನೆಯಲ್ಲಿ ಚಪಾತಿ ಗುಂಡಗಾಗದಿದ್ದರೂ ಕೈ ಚೀಟಿ ಹುಡುಕುತ್ತದೆ.

ಎರಡನೆಯದು, ನನಗೆ ಒಂದೇ ಕಡೆ ಕೂಡಲು ಬರುವುದಿಲ್ಲ. ಊಟದ ನಡುವೆ ಎರಡು ಸಲ ಏಳುತ್ತೇನೆ. ಕ್ಷೌರದ ಅಂಗಡಿಯವನು ನನ್ನನ್ನು ಕಂಡರೆ ಕತ್ತರಿ ಕೆಳಗಿಟ್ಟು ಮೊದಲು ದೇವರಿಗೆ ಕೈಮುಗಿಯುತ್ತಾನೆ. ನಮ್ಮ ಮದುವೆಯ ಗುಂಪು ಫೋಟೋದಲ್ಲಿ ಐವತ್ತು ಜನ ಸ್ಪಷ್ಟವಾಗಿದ್ದಾರೆ, ಮದುಮಗ ಮಾತ್ರ ಮಸುಕಾಗಿದ್ದಾನೆ. “ಕಾಲಿಗೆ ಚಕ್ರಾ ಕಟ್ಕೊಂಡ ಹುಟ್ಟೀದಿ,” ಎಂದು ಅವ್ವ ಅನ್ನುತ್ತಿದ್ದಳು. ಅವಳ ಹೆಸರು ಗಿರಿಜವ್ವ. ಅವಳ ಹೆಸರನ್ನೇ ಮಗಳಿಗೆ ಇಟ್ಟಿದ್ದರಿಂದ ಮಗಳನ್ನು ಹೆಸರು ಹಿಡಿದು ಬೈಯುವಂತಿಲ್ಲ, ನಮ್ಮ ಕಡೆಯ ಪದ್ಧತಿ ಹಾಗೆ. ಸಿಟ್ಟು ಬಂದಾಗಲೂ ‘ಯವ್ವಾ’ ಎಂದೇ ಶುರು ಮಾಡಬೇಕಾಗುತ್ತದೆ. ಹಾಗೆ ಶುರು ಮಾಡಿದ ಬೈಗುಳ ಎಷ್ಟು ದೂರ ಹೋದೀತು?

ಇಂಥವನನ್ನು ಎಲ್ಲ ಮುಚ್ಚಿದ್ದ ಆ ವರ್ಷ ಒಂದು ಬೆಡ್‌ರೂಮಿನ ಮನೆಯೊಳಗೆ ಕೂಡಿಹಾಕಿದರು. ಕಾರ್ಖಾನೆ ಮೊದಲು ಪೂರ್ತಿ ನಿಂತಿತು. ಆಮೇಲೆ ಅರ್ಧ ಜನರನ್ನು ಕರೆದರು. ನನಗೆ ಮಧ್ಯಾಹ್ನದ ಪಾಳಿ ಬಂತು. ಶೈಲಾ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ರಜೆಯ ಮಾತೇ ಇರಲಿಲ್ಲ, ಬೆಳಗ್ಗೆ ಏಳಕ್ಕೆ ಮೂಗು ಬಾಯಿ ಕಟ್ಟಿಕೊಂಡು ಹೊರಡುತ್ತಿದ್ದಳು. ಬೆಳಗಿನ ಹೊತ್ತು ಮನೆಯಲ್ಲಿ ನಾನು, ಎರಡನೇ ಇಯತ್ತೆಯ ಗಿರಿಜಾ, ಮತ್ತು ಮೊಬೈಲಿನೊಳಗೆ ಅವಳ ಶಾಲೆ. ಇನ್ನೊಬ್ಬರನ್ನು ಮರೆತೆ. ಬಚ್ಚಲಮನೆಯ ಕಿಟಕಿಯಲ್ಲಿ ಒಂದು ಜೇಡವಿತ್ತು. ಆಟಕ್ಕೆ ಯಾರೂ ಇಲ್ಲದ ಹುಡುಗಿ ಅದಕ್ಕೆ ಪಿಂಕಿ ಎಂದು ಹೆಸರಿಟ್ಟು, ದಿನಾ ಬೆಳಗ್ಗೆ ಹಲ್ಲುಜ್ಜುತ್ತ ಅದರ ಕ್ಷೇಮಸಮಾಚಾರ ಕೇಳುತ್ತಿದ್ದಳು. ಕಸಬರಿಗೆ ಹಿಡಿದು ಹೋದ ಶೈಲಾಳನ್ನು ಎರಡು ಸಲ ಅತ್ತು ವಾಪಸು ಕಳಿಸಿದ್ದಳು.

ಮೊಬೈಲು ನಿಲ್ಲಿಸುವುದು ದೊಡ್ಡ ಸಮಸ್ಯೆಯಾಗಿತ್ತು. ಸಕ್ಕರೆ ಡಬ್ಬಿಗೆ ಆನಿಸಿದರೆ ಜಾರುತ್ತಿತ್ತು, ಲಟ್ಟಣಿಗೆಗೆ ಆನಿಸಿದರೆ ಉರುಳುತ್ತಿತ್ತು. ಕೊನೆಗೆ ಅಟ್ಟದಿಂದ ಅವ್ವನ ವ್ಯಾಸಪೀಠ ಇಳಿಸಿದೆ. ಅವ್ವ ಶ್ರಾವಣದಲ್ಲಿ ಪುರಾಣದ ಪುಸ್ತಕ ಇಟ್ಟು ಓದುತ್ತಿದ್ದ, ಕತ್ತರಿಯ ಹಾಗೆ ಬಿಚ್ಚಿ ಮುಚ್ಚುವ ಮರದ ಪೀಠ. ಅದರ ಮೇಲೆ ಮೊಬೈಲು ಹೇಳಿ ಮಾಡಿಸಿದಂತೆ ಕೂತಿತು. ಬಲಕ್ಕೆ ಕಿಟಕಿ, ಮುಖಕ್ಕೆ ಬೆಳಕು ಬೇಕಲ್ಲ. ಚಾರ್ಜರಿನ ವೈರು ಗಿಡ್ಡದ್ದು, ಪ್ಲಗ್ಗು ಎಡಗೋಡೆಯಲ್ಲಿತ್ತು. ಹೀಗಾಗಿ ಪ್ಲಗ್ಗಿನ ಪಕ್ಕ, ಕ್ಯಾಮೆರಾಕ್ಕೆ ಕಾಣದಂತೆ ಒಂದು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ನಾನು ಕೂತೆ. ವೈರು ಇನ್ನೊಂದು ಗೇಣು ಉದ್ದ ಇದ್ದಿದ್ದರೆ ಮಗಳು ಬೇರೆ ದಿಕ್ಕಿಗೆ ನೋಡುತ್ತಿದ್ದಳೋ ಏನೋ.

ಮೊದಲ ದಿನಗಳಲ್ಲಿ ನಾನು ಸಭ್ಯನಾಗಿಯೇ ಇದ್ದೆ. ನೆಟ್‌ವರ್ಕ್ ಹೋದರೆ ಸರಿ ಮಾಡುವುದು, ಮೈಕು ಹಚ್ಚುವುದು, ಆರಿಸುವುದು ಅಷ್ಟೇ. ಒಂದು ದಿನ ಮಾನೆ ಟೀಚರ್ ಒಂಬತ್ತಕ್ಕೆ ಎಂಟು ಕೂಡಿಸಿದರೆ ಎಷ್ಟು ಎಂದು ಗಿರಿಜಾಳನ್ನು ಕೇಳಿದರು. ಅವಳು ಬೆರಳು ಬಿಚ್ಚಿದಳು, ಮಡಿಸಿದಳು, ಮತ್ತೆ ಬಿಚ್ಚಿದಳು. ಪರದೆಯ ಮೇಲೆ ಮೂವತ್ತು ಪುಟ್ಟ ತಲೆಗಳು ಕಾಯುತ್ತಿದ್ದವು. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಮೊದಲು ಮೊಣಕಾಲು ಕುಣಿಯತೊಡಗಿತು, ಆಮೇಲೆ ಬಾಯಿಂದ “ಹದಿನೇಳು” ಜಾರಿಬಿಟ್ಟಿತು. ಗಿರಿಜಾ ನನ್ನತ್ತ ನೋಡಿ, ಪರದೆಗೆ ತಿರುಗಿ “ಸೆವೆಂಟೀನ್” ಎಂದಳು. “ವೆರಿ ಗುಡ್!” ಎಂದರು ಟೀಚರು. ಯಾರಿಗೂ ಏನೂ ತಿಳಿಯಲಿಲ್ಲ.

ತಿಳಿಯುವುದಾದರೂ ಹೇಗೆ? ನಾನು ಹೇಳಿದ್ದು ಕನ್ನಡದಲ್ಲಿ. ಪುಣೆಯ ಕನ್ನಡಿಗರಿಗೆ ಕನ್ನಡವೆಂದರೆ ಕೀಲಿ ಹಾಕಿದ ಕಪಾಟು. ಮಂಡಿಯಲ್ಲಿ ಬದನೆಕಾಯಿ ಮಾರುವವನ ಎದುರೇ ನಿಂತು “ಅಂವಾ ಇನ್ನೂ ಇಳೀತಾನ, ತಡೀರಿ” ಎಂದು ಗಂಡ ಹೆಂಡತಿ ಗಟ್ಟಿಯಾಗಿ ಸಮಾಲೋಚನೆ ಮಾಡಬಹುದು. ಬಾಡಿಗೆ ಮನೆ ನೋಡಲು ಹೋದಾಗ ಮಾಲೀಕನ ನಡುಮನೆಯಲ್ಲೇ ಕೂತು ಅವನ ಬಚ್ಚಲಮನೆಯ ವಾಸನೆಯ ಬಗ್ಗೆ ಚರ್ಚಿಸಬಹುದು. ನಮ್ಮ ಅವ್ವ ಊರಿಂದ ಬಂದಾಗಲಂತೂ ಸಿಟಿ ಬಸ್ಸು ಅವಳಿಗೆ ಪ್ರವಚನದ ಕಟ್ಟೆಯಾಗಿತ್ತು. “ಈಕಿ ಮೂಗಬಟ್ಟ ನೋಡೋ, ಮೂಗಿಗಿಂತ ದೊಡ್ಡದದ,” ಎಂದು ಎದುರು ಸೀಟಿನವಳನ್ನು ನೋಡುತ್ತಲೇ ಹೇಳುವಳು. ಆಕೆ ಮುಗುಳ್ನಕ್ಕರೆ ಅವ್ವನೂ ಮುಗುಳ್ನಗುವಳು. ಒಂದು ಸಲವೂ ಸಿಕ್ಕಿಬೀಳಲಿಲ್ಲ. ಅಥವಾ ಸಿಕ್ಕಿಬಿದ್ದದ್ದು ನಮಗೆ ತಿಳಿಯಲಿಲ್ಲ.

ಕಪಾಟಿದೆ, ಕೀಲಿ ನನ್ನ ಕೈಯಲ್ಲಿದೆ ಎಂದು ತಿಳಿದ ಮೇಲೆ ನನ್ನನ್ನು ಹಿಡಿಯುವವರು ಯಾರು? ದಿನಾ ಬೆಳಗ್ಗೆ ಪಾಳಿಗೆ ಹಾಜರಾಗುವ ಹಾಗೆ ಸ್ಟೂಲಿಗೆ ಹಾಜರಾದೆ. ಗಿರಿಜಾ ಪ್ರಶ್ನೆ ಕೇಳಿಸಿಕೊಂಡು ಎಡಕ್ಕೆ ನೋಡುವಳು, ನಾನು ಹೇಳುವೆನು, ಅವಳು ಅದನ್ನು ಇಂಗ್ಲಿಷಿಗೋ ಮರಾಠಿಗೋ ತಿರುಗಿಸಿ ಒಪ್ಪಿಸುವಳು. ವಾರದ ಕೊನೆಗೆ ಟೀಚರು ಪರದೆಯ ಮೇಲೆ ನಕ್ಷತ್ರ ಹಂಚುವಾಗ ಅರ್ಧ ನನ್ನದೇ ಎಂದು ಎದೆಯುಬ್ಬಿಸುತ್ತಿದ್ದೆ. ಕಾಗದದ ಮನೆ ಮಾಡಿ ತೋರಿಸಿರಿ ಎಂದಾಗ ಅವಳು ಮಾಡಿದ್ದ ಸೊಟ್ಟ ಮನೆಯನ್ನು ನಾನು ಪಾಸು ಮಾಡಲಿಲ್ಲ. ಪಾಳಿ ಮುಗಿಸಿ ರಾತ್ರಿ ಮನೆಗೆ ಬಂದು ಅಳತೆಪಟ್ಟಿ ಹಿಡಿದು ಹೊಸ ಮನೆ ಕಟ್ಟಿದೆ. ಬೆಳಗ್ಗೆ ಅದನ್ನು ನೋಡಿ ಅವಳು “ಭಾಳ ಛಂದ ಆಗೇದ ಅಪ್ಪಾ,” ಎಂದಳು. ತನ್ನ ಮನೆಯನ್ನು ಒಯ್ದು ಬಚ್ಚಲಕಿಟಕಿಯಲ್ಲಿ ಪಿಂಕಿಗೆ ಕೊಟ್ಟಳು.

ಬರೀ ಉತ್ತರ ಹೇಳಿ ಸುಮ್ಮನಿದ್ದೆನೇ? ಅದೂ ಇಲ್ಲ. ಟೀಚರಿಗೆ ನೆಗಡಿಯಾಗಿದ್ದಾಗ, “ಮೊದಲ ಮೂಗ ಒರಸ್ಕೊಳ್ಳವಾ ತಾಯಿ, ಆಮ್ಯಾಲೆ ಮಗ್ಗಿ ಕಲಸು,” ಎಂದಿದ್ದೆ. ಅದೇ ಪಾಠ ಮತ್ತೆ ಹೇಳಿದಾಗ, “ಈಕಿ ನಮ್ಮ ಕಾರ್ಖಾನಿ ಇಂಜಿನಿಯರ್ ಸಾಹೇಬ್ರ ತಂಗಿ ಇರಬೇಕು, ಹೇಳಿದ್ದ ಹೇಳ್ತಾಳ,” ಎಂದಿದ್ದೆ. ಒಂದು ದಿನ ಅವರ ಅಡುಗೆಮನೆಯಿಂದ ಕುಕ್ಕರಿನ ಸೀಟಿ ಕೇಳಿಬರುತ್ತಿತ್ತು. “ಐದ ಸೀಟಿ ಆತು. ಇನ್ನ ಬ್ಯಾಳಿ ಹೋಗಿ ಗಂಜಿ ಆಗ್ತದ,” ಎಂದೆ. ಟೀಚರು “ಒನ್ ಮಿನಿಟ್ ಚಿಲ್ಡ್ರನ್” ಎಂದು ಎದ್ದುಹೋಗಿ ಗ್ಯಾಸು ಆರಿಸಿ ಬಂದರು. ಎಂಥ ಕಾಕತಾಳೀಯ ಎಂದು ಆಗ ನಾನು ಅಂದುಕೊಂಡಿದ್ದೆ.

ಹುಡುಗಿಗೆ ಯೋಚಿಸಲು ಬಿಡಬಾರದಿತ್ತೇ ಎಂದು ನೀವು ಕೇಳಬಹುದು. ಬಿಡಬೇಕಿತ್ತು. ಆದರೆ ನನ್ನ ಮೂರನೇ ಇಯತ್ತೆಯ ಒಂದು ಬೆಳಗು ನನ್ನನ್ನು ಬಿಟ್ಟಿರಲಿಲ್ಲ. ಧಾರವಾಡದ ನಮ್ಮ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದಿದ್ದರು. ಮಾಸ್ತರು ಹೊಸ ಧೋತರ ಉಟ್ಟಿದ್ದರು, ನಮಗೆಲ್ಲ ತಲೆಗೆ ಎಣ್ಣೆ ಹಚ್ಚಿಕೊಂಡು ಬರಲು ಹೇಳಿದ್ದರು. ಸಾಹೇಬರು ನನ್ನತ್ತ ಬೆರಳು ಮಾಡಿ ಸೂರ್ಯ ಎಲ್ಲಿ ಮುಳುಗುತ್ತಾನೆ ಎಂದು ಕೇಳಿದರು. ನಾನು ದಿನಾ ಸಂಜೆ ಕಣ್ಣಾರೆ ನೋಡಿದ್ದನ್ನೇ ಹೇಳಿದೆ. “ನಮ್ಮ ಕಾಕಾನ ಹಿತ್ತಲದಾಗ್ರಿ ಸಾಹೇಬ್ರ.” ಸಾಹೇಬರು ನಕ್ಕರು. ಸಾಹೇಬರು ನಕ್ಕಿದ್ದಕ್ಕೆ ಮಾಸ್ತರು ನಕ್ಕರು, ಮಾಸ್ತರು ನಕ್ಕಿದ್ದಕ್ಕೆ ನಲವತ್ತು ಹುಡುಗರು ನೆಲಕ್ಕೆ ಉರುಳಿ ನಕ್ಕರು. ಅಂದಿನಿಂದ ನನ್ನ ಹೆಸರು ‘ಹಿತ್ತಲ ಸೂರ್ಯಾ’. ಹತ್ತನೇ ಇಯತ್ತೆ ಮುಗಿಯುವ ತನಕ ನಾನು ಮತ್ತೆ ಕೈ ಎತ್ತಲಿಲ್ಲ. ಉತ್ತರ ಬಾಯಲ್ಲೇ ಕರಗಿ ಹೋಗುತ್ತಿತ್ತು. ಆ ನಗು ಈಗಲೂ ಕಿವಿಯಲ್ಲಿದೆ, ಸುಳ್ಳೇಕೆ ಹೇಳಲಿ. ನನ್ನ ಮಗಳ ಮೇಲೆ ಯಾರೂ ಹಾಗೆ ನಗಬಾರದು ಎಂಬುದೊಂದೇ ನನಗಿದ್ದದ್ದು. ಈ ಕತೆಯನ್ನು ಅವಳಿಗೂ ಹೇಳಿದ್ದೆ, ಅದೂ ಹತ್ತಾರು ಸಲ, ಜಾಗರೂಕತೆ ಬರಲಿ ಎಂದು.

ಹೀಗೆ ನಾಲ್ಕು ತಿಂಗಳು ನಡೆಯಿತು. ಒಂದು ಶುಕ್ರವಾರ ಪ್ರಾಣಿಗಳ, ಹುಳಹುಪ್ಪಟೆಗಳ ಪಾಠ. ಟೀಚರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಇರುವೆಗೆ ಎಷ್ಟು ಕಾಲು, ಬೆಕ್ಕಿಗೆ ಎಷ್ಟು, ಕೋಳಿಗೆ ಎಷ್ಟು. ಗಿರಿಜಾಳ ಪಾಲಿಗೆ ಜೇಡ ಬಂತು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ, ನೋಡಿಯೂ ಅರ್ಥ ಮಾಡಿಕೊಳ್ಳಲಿಲ್ಲ. ಬಾಯಿ ತೆರೆದವಳು ರೂಢಿಯಂತೆ ಎಡಕ್ಕೆ ನೋಡಿದಳು.

“ಆರು,” ಎಂದೆ.

ಅವಳು ಪರದೆಗೆ ತಿರುಗಲಿಲ್ಲ. ನನ್ನನ್ನೇ ನೋಡುತ್ತ ಕೂತಳು. ಕೇಳಿಸಲಿಲ್ಲವೇನೋ ಎಂದು ನಾನು ಸ್ಟೂಲಿನ ತುದಿಗೆ ಜರುಗಿದೆ. “ಆರು ಅನ್ನವ್ವಾ, ಆರು! ಲಗೂನ ಹೇಳು, ಮಂದಿ ಕಾಯ್ಲಿಕತ್ತದ.”

“ಸಿಕ್ಸ್,” ಎಂದಳು ಗಿರಿಜಾ, ಮೆಲ್ಲಗೆ.

ಟೀಚರು ಅಚ್ಚ ಚಿಕ್ಕೋಡಿಯ ಕನ್ನಡದಲ್ಲಿ, ಪಕ್ಕದ ಮನೆಯವರು ಕಟ್ಟೆಯ ಮೇಲಿಂದ ಮಾತಾಡಿದ ಹಾಗೆ ಹೇಳಿದರು. “ಗಿರಿಜಾ, ಜ್ಯಾಡಕ್ಕ ಎಂಟ ಕಾಲ ಇರ್ತಾವು ಅಂತ ನಿಮ್ಮಪ್ಪಾರಿಗೆ ಹೇಳವಾ.”

ನಾನು ಎದ್ದು ನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ, ಇನ್ಸ್‌ಪೆಕ್ಟರ್ ಸಾಹೇಬರು ಬಂದ ಹಾಗಾಗಿತ್ತು. ಸ್ಟೂಲು ಹಿಂದಕ್ಕೆ ಬಿತ್ತು, ಕಾಲು ವೈರಿಗೆ ಸಿಕ್ಕಿತು, ವ್ಯಾಸಪೀಠ ಮೊಬೈಲನ್ನು ಒಳಗೆ ಹಾಕಿಕೊಂಡು ಪಟಕ್ಕನೆ ಮುಚ್ಚಿಕೊಂಡಿತು. ಮುಚ್ಚಿದ ಪೀಠದೊಳಗಿಂದ ಮೂವತ್ತು ಮಕ್ಕಳ ನಗು ಸಣ್ಣಗೆ ಕೇಳುತ್ತಿತ್ತು. ನೆಗಡಿ, ಇಂಜಿನಿಯರ್ ಸಾಹೇಬರ ತಂಗಿ, ಕುಕ್ಕರು, ಎಲ್ಲವೂ ಒಂದೊಂದಾಗಿ ನೆನಪಾದವು. ಆ ಕುಕ್ಕರು ಕಾಕತಾಳೀಯವಾಗಿರಲಿಲ್ಲ.

ಮಧ್ಯಾಹ್ನ ಬಸ್ಸಿಗೆ ಹೊರಡುವ ಹೊತ್ತಿಗೆ ಫೋನು ಬಂತು.

“ನಮಸ್ಕಾರ್ರೀ. ಮಾನೆ ಟೀಚರ್ ಮಾತಾಡಾಕತ್ತೇನ್ರಿ. ಬಿದ್ದು ಪೆಟ್ಟ ಏನೂ ಆಗಿಲ್ಲಲ್ರೀ?”

“ಇಲ್ರೀ ಮೇಡಂ. ತಪ್ಪಾತ್ರಿ. ನಿಮಗ ಕನ್ನಡ ಬರ್ತದಂತ...”

“ನನ್ನ ತವರಮನಿ ಚಿಕ್ಕೋಡಿ ತಾಲೂಕ್ರೀ. ಮನ್ಯಾಗ ಮರಾಠಿ, ಓಣ್ಯಾಗ ಕನ್ನಡ. ಹತ್ತನೇ ಇಯತ್ತೆ ತನಕಾ ಕನ್ನಡ ಸಾಲ್ಯಾಗ ಓದೇನ್ರಿ.”

“ಮೊದಲ ಯಾಕ ಹೇಳಲಿಲ್ರೀ?”

ಅವರು ನಕ್ಕರು. “ಮದಿವ್ಯಾಗಿ ಇಲ್ಲಿಗೆ ಬಂದ ಹದಿನಾಕ ವರ್ಷ ಆತ್ರಿ. ನನ್ನ ಕೂಡ ಕನ್ನಡ ಮಾತಾಡವ್ರು ಇಲ್ಲಿ ಯಾರದಾರ್ರಿ? ದಿನಾ ಮುಂಜಾನಿ ನಿಮ್ಮ ಮನಿಯಿಂದ ನಾಕ ಮಾತ ಕಿವಿಗೆ ಬೀಳತಿದ್ದೂ. ಬೈಗಳಾದ್ರೂ ನಡಿಲಿ ಅಂತ ಸುಮ್ನಿದ್ದೆ.” ಆಮೇಲೆ ದನಿ ಇಳಿಯಿತು. “ಇದು ನನ್ನ ತಪ್ಪೂ ಐತ್ರಿ. ಮೊದಲ ದಿನಾನ ಹೇಳಬೇಕಾಗಿತ್ತು. ನಿಮ್ಮ ಹುಡಿಗಿಗೆ ಎಷ್ಟೋ ಉತ್ತರಾ ಗೊತ್ತಿರ್ತಾವ್ರಿ. ಗೊತ್ತಿದ್ರೂ ಎಡಕ್ಕ ನೋಡ್ತಾಳ. ನಾಳೆ ಸಾಲಿ ತಗದ ಮ್ಯಾಲೆ ಎಡಕ್ಕ ಯಾರಿರ್ತಾರ್ರಿ?”

ಅಂದು ಬಸ್ಸಿನಲ್ಲಿ ರಾಂಜಣಗಾಂವದ ತನಕ ಕಿಟಕಿಯ ಪಕ್ಕ ಕೂತಿದ್ದೆ, ಒಮ್ಮೆಯೂ ಏಳಲಿಲ್ಲ.

ಮರುದಿನವೇ ಸ್ಟೂಲು ಎತ್ತಿ ಬಾಲ್ಕನಿಗೆ ಹಾಕಿದೆ. ಕ್ಲಾಸು ಶುರುವಾದೊಡನೆ ಅಡುಗೆಮನೆಗೆ ಹೋಗಿ ನಿಲ್ಲುವುದು ಎಂದು ನನಗೆ ನಾನೇ ಶಿಕ್ಷೆ ಕೊಟ್ಟುಕೊಂಡೆ. ಸುಮ್ಮನೆ ನಿಲ್ಲಲು ಬರಬೇಕಲ್ಲ? ಶೇಂಗಾ ಹುರಿಯತೊಡಗಿದೆ. ಕೈಗೊಂದು ಕೆಲಸ, ಕಿವಿಗೆ ಸ್ವಲ್ಪ ಸದ್ದು. ಆ ತಿಂಗಳು ನಮ್ಮ ಮನೆಯಲ್ಲಿ ಮೂರು ಡಬ್ಬಿ ಶೇಂಗಾ ಚಟ್ನಿ ಆಯಿತು. ಇನ್ನು ಮನೆಗೆ ಶೇಂಗಾ ತಂದರೆ ತಾನು ತವರಿಗೆ ಹೋಗುತ್ತೇನೆ ಎಂದು ಶೈಲಾ ಹೇಳಿದಳು.

ಗಿರಿಜಾ ಮಾತ್ರ ಮಾತಾಡಲಿಲ್ಲ. ಟೀಚರು ಅವಳ ಹೆಸರು ಹಿಡಿದು ಕೇಳುವರು. ನನಗೆ ಅಡುಗೆಮನೆಯಲ್ಲಿ ಪ್ರಶ್ನೆ ಕೇಳಿಸುವುದು, ಆಮೇಲೆ ಏನೂ ಕೇಳಿಸುವುದಿಲ್ಲ. ಅವಳು ಈಗ ಎಡಕ್ಕೆ ನೋಡುತ್ತಿದ್ದಾಳೆ, ಅಲ್ಲಿ ಬರೀ ಪ್ಲಗ್ಗು ಇದೆ ಎಂದು ನನಗೆ ಗೋಡೆಯ ಈಚೆಯಿಂದಲೇ ಕಾಣುತ್ತಿತ್ತು. “ಸಾವಕಾಶ, ಗಿರಿಜಾ,” ಎನ್ನುವರು ಟೀಚರು. ಕಾಯುವರು. ಕೊನೆಗೆ ಬೇರೆ ಯಾರೋ ಉತ್ತರ ಹೇಳುವರು. ನಕ್ಷತ್ರಗಳು ನಿಂತುಹೋದವು. ಹತ್ತನೇ ದಿನ ಅವಳು ಅಡುಗೆಮನೆಯ ಬಾಗಿಲಿಗೆ ಬಂದಳು.

“ಅಪ್ಪಾ, ಸ್ಟೂಲಿನ ಮ್ಯಾಲೆ ಸುಮ್ನ ಕೂಡು. ಏನೂ ಹೇಳಬ್ಯಾಡ.”

ಕೂತೆ. ತುಟಿ ಹೊಲಿದುಕೊಂಡು ಕೂತೆ. ಪ್ರಶ್ನೆ ಬಂತು, ಅವಳು ನೋಡಿದಳು. ನಾನು ಏನೂ ಹೇಳಲಿಲ್ಲ, ಆದರೂ ಅವಳು ಸರಿಯಾದ ಉತ್ತರ ಹೇಳಿಬಿಟ್ಟಳು. ಕ್ಲಾಸು ಮುಗಿದ ಮೇಲೆ ನಾನು ಸಂತೋಷದಿಂದ ಕೈ ತಟ್ಟಿದರೆ ಅವಳು ತಲೆ ಅಲ್ಲಾಡಿಸಿದಳು. “ನೀ ಹೇಳಲಿಲ್ಲಂದ್ರೂ ನಿನ್ನ ಮಾರಿ ಹೇಳ್ತದ. ಎರಡ ಬೆರಳ ಎತ್ತಿದೆ, ನೀ ಹುಬ್ಬ ಗಂಟ ಹಾಕಿದಿ. ಮೂರ ಎತ್ತಿದೆ, ಗಂಟ ಬಿಚ್ಚಿದಿ.”

ನಾನು ಮತ್ತೆ ಅಡುಗೆಮನೆ ಸೇರಿದೆ. ಆ ದಿನಗಳಲ್ಲಿ ನನಗೆ ನಿಜವಾಗಿ ಭಯವಾಗಿತ್ತು. ಹಿತ್ತಲ ಸೂರ್ಯನ ಬಾಯಿ ಮುಚ್ಚಿಸಲು ನಲವತ್ತು ಹುಡುಗರು ಬೇಕಾದರು, ಇವಳ ಬಾಯಿಯನ್ನು ನಾನೊಬ್ಬನೇ ಮುಚ್ಚಿಸಿದೆನಲ್ಲ! ಪಾಳಿಯಲ್ಲಿ ಬಿಡಿಭಾಗಗಳಿಗೆ ಚೀಟಿ ಅಂಟಿಸುವಾಗಲೂ ಅದೇ ಯೋಚನೆ. ಶೈಲಾಳಿಗೆ ಹೇಳಿದರೆ, “ನೀವು ಸುಮ್ನ ಇರೂದ ಕಲೀರಿ ಮೊದಲ. ಆಕಿ ಮಾತಾಡೂದ ಕಲೀತಾಳ,” ಎಂದಳು.

ಇಪ್ಪತ್ತನೆಯ ದಿನವೋ ಇಪ್ಪತ್ತೊಂದನೆಯದೋ ಇರಬೇಕು. ಮೂವತ್ತರಲ್ಲಿ ಹದಿನಾಲ್ಕು ಕಳೆದರೆ ಎಷ್ಟು, ಗಿರಿಜಾ? ಬಾಣಲೆಯಲ್ಲಿ ಶೇಂಗಾ ಚಟಚಟ ಎನ್ನುತ್ತಿತ್ತು. ನಾನು ಸೌಟು ನಿಲ್ಲಿಸಿದೆ.

“ಏಟೀನ್,” ಎಂದಿತು ಒಂದು ಸಣ್ಣ ದನಿ.

ತಪ್ಪು! ನನ್ನ ಬಾಯಿ ತುಂಬ ಹದಿನಾರು ತುಂಬಿಕೊಂಡಿತು. ಅದು ಹೊರಗೆ ಬೀಳದಿರಲಿ ಎಂದು ಹಲ್ಲು ಕಚ್ಚಿ, ಸಿಂಕಿನ ಅಂಚು ಹಿಡಿದು ನಿಂತೆ. ಈಗ ನಗುತ್ತಾರೆ ಎಂದು ಕಾದೆ. ಯಾರೂ ನಗಲಿಲ್ಲ. “ಪುನ್ಹಾ ಬಘ,” ಎಂದರು ಟೀಚರು, ಇನ್ನೊಮ್ಮೆ ನೋಡು ಎಂದು. ಬೆರಳು ಎಣಿಸುವಷ್ಟು ಹೊತ್ತು ಕಳೆಯಿತು. “ಸಿಕ್ಸ್‌ಟೀನ್.” “ಬರೋಬರ.” ಪ್ರಶ್ನೆ ಮುಂದಿನ ಹುಡುಗನಿಗೆ ಹೋಯಿತು. ಅಷ್ಟೇ ಆದದ್ದು. ಶೇಂಗಾ ಪೂರ್ತಿ ಕರಕಲಾಗಿತ್ತು. ಹೊಗೆಯಿಂದ ಕಣ್ಣಲ್ಲಿ ನೀರು ಬಂತು ಎಂದು ಶೈಲಾಳಿಗೆ ಹೇಳಿದೆ, ಅವಳು ನಂಬಲಿಲ್ಲ.

ಆಮೇಲೆ ಶಾಲೆ ತೆರೆಯಿತು. ಗಿರಿಜಾ ಮಾತಾಡುತ್ತಿದ್ದಳು, ಆದರೆ ಎಡಕ್ಕೆ ನೋಡುವುದು ಉಳಿದುಕೊಂಡಿತು. ಮೊದಲ ವಾರ ಸ್ಕೂಟರಿನ ಮೇಲೆ ಬಿಡಲು ಹೋಗುವಾಗ, ಖರಾಡಿಯ ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಹಿಂದಿನಿಂದ ನನ್ನ ಬೆನ್ನಿಗೆ ಹೇಳಿದಳು.

“ಅಪ್ಪಾ, ಪಿಂಕಿಗೆ ಎಂಟ ಕಾಲ ಅಂತ ನನಗ ಗೊತ್ತಿತ್ತು. ದಿನಾ ಎಣಸ್ತಿದ್ದೆ.”

“ಮತ್ತ ಆರು ಅಂತ ಯಾಕ ಹೇಳಿದೀ ಯವ್ವಾ?”

“ಎಂಟು ಅಂದಿದ್ರ ನೀ ತಪ್ಪ ಆಕ್ಕಿದ್ದಿ. ಮಂದಿ ನಿನಗ ಮತ್ತ ನಗತಿತ್ತು, ಹಿತ್ತಲ ಸೂರ್ಯಾಗ ನಕ್ಕಂಗ.”

ಹಸಿರು ದೀಪ ಬಿದ್ದಿತ್ತು. ಹಿಂದಿನವರೆಲ್ಲ ಹಾರ್ನು ಹೊಡೆಯುತ್ತಿದ್ದರು. ನನಗೆ ಗಾಡಿ ಚಾಲೂ ಮಾಡುವುದು ತಿಳಿಯಲಿಲ್ಲ. ಅವಳು ಅಂದು ಎಡಕ್ಕೆ ನೋಡುತ್ತ ಅಷ್ಟು ಹೊತ್ತು ಕೂತಿದ್ದು ಉತ್ತರಕ್ಕಾಗಿ ಅಲ್ಲ, ನನ್ನನ್ನು ಏನು ಮಾಡಬೇಕು ಎಂದು ಯೋಚಿಸುತ್ತಿದ್ದಳು. ಮನೆಯಲ್ಲಿ ಯಾರು ಯಾರನ್ನು ಕಾಯುತ್ತಿದ್ದರೋ ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ.

ಭಾನುವಾರದ ಅಂಗಡಿಗೆ ಮರಳುತ್ತೇನೆ. ಗಿರಿಜಾಳ ತಪಾಸಣೆ ಮುಗಿಯಿತು. ದೂರದ್ದು ಕಾಣಿಸುವುದಿಲ್ಲ, ಹತ್ತಿರದ್ದು ಚೆನ್ನಾಗಿದೆ, ಕನ್ನಡಕ ಬೇಕು ಎಂದ ಅಂಗಡಿಯವನು. ಆಮೇಲೆ ಕೊಟ್ಟ ಮಾತಿನಂತೆ ನನ್ನನ್ನು ಕುರ್ಚಿಗೆ ಕರೆದ. ನನ್ನ ಕಣ್ಣು ತಪಾಸಣೆಯವನ ಕಣ್ಣು, ಇಪ್ಪತ್ತು ವರ್ಷದಿಂದ ಇದರ ಮೇಲೆಯೇ ಊಟ ಮಾಡುತ್ತಿದ್ದೇನೆ ಎಂದು ಹೆಮ್ಮೆಯಿಂದ ಹೇಳಿ ಕೂತೆ. ಈಚೆಗೆ ಬಿಡಿಭಾಗಗಳನ್ನು ಕೈ ಚಾಚಿ ದೂರ ಹಿಡಿದು ನೋಡುತ್ತೇನೆ ಎಂಬುದನ್ನು ಹೇಳಲಿಲ್ಲ. ಅವನು ಸಣ್ಣ ಅಕ್ಷರದ ಕಾರ್ಡು ಕೈಗೆ ಕೊಟ್ಟು ಹತ್ತಿರ ಹಿಡಿದು ಓದಿರಿ ಎಂದ. ಮೇಲಿನ ಮೂರು ಸಾಲು ಓದಿದೆ. ನಾಲ್ಕನೆಯದನ್ನು ಅಂದಾಜಿನ ಮೇಲೆ ಓದಿದೆ. ಕೊನೆಯ ಸಾಲು ಇರುವೆಗಳ ಮೆರವಣಿಗೆಯಾಗಿತ್ತು. ಕಾಲು ಕುಣಿಯತೊಡಗಿತು. ಬಲಕ್ಕೆ ಸ್ಟೂಲಿನ ಮೇಲೆ ಗಿರಿಜಾ ಕೂತು ಕಾರ್ಡಿನೊಳಗೆ ಇಣುಕುತ್ತಿದ್ದಳು.

“ಕಡೀ ಸಾಲಿನ್ಯಾಗ ಏನದ ಯವ್ವಾ? ಸಾವಕಾಶ ಹೇಳು,” ಎಂದೆ, ಕನ್ನಡದಲ್ಲಿ. ಇಷ್ಟೆಲ್ಲ ಆದ ಮೇಲೂ.

ಅಂಗಡಿಯವನು ತಲೆ ಎತ್ತಿದ. ಅವಳನ್ನು ಕೇಳಿದ, “ಕಾಯ ಮ್ಹಣತಾಯತ ಬಾಬಾ?” ಅಪ್ಪ ಏನನ್ನುತ್ತಿದ್ದಾರೆ ಎಂದು.

ಅವಳನ್ನು ಯಾರೋ ಪ್ರಶ್ನೆ ಕೇಳಿದ್ದರು, ಎಡಕ್ಕೆ ನಾನಿದ್ದೆ. ಅವಳು ತಿರುಗುತ್ತಾಳೆ ಎಂದು ಕಾದೆ. ಮುಖದ ಮೇಲೆ ಏನು ಹೇಳಬೇಕೋ ಅದನ್ನೆಲ್ಲ ತಯಾರು ಮಾಡಿಟ್ಟುಕೊಂಡಿದ್ದೆ. ಅವಳು ತಿರುಗಲಿಲ್ಲ. ಅಂಗಡಿಯವನ ಮುಖವನ್ನೇ ನೇರವಾಗಿ ನೋಡುತ್ತ, ಅಂಗಡಿಗೆಲ್ಲ ಕೇಳುವಂತೆ ಮರಾಠಿಯಲ್ಲಿ ಹೇಳಿದಳು. “ತ್ಯಾಂನಾ ದಿಸತ ನಾಹೀಯೇ, ಕಾಕಾ.” ಅವರಿಗೆ ಕಾಣಿಸುತ್ತಿಲ್ಲ.

ಬೆಂಚಿನ ಮೇಲೆ ಕೂತಿದ್ದ ಇಬ್ಬರು ಹೆಂಗಸರು ನಕ್ಕರು. ನಾನೂ ನಕ್ಕೆ. ಅಂಗಡಿಯವನು ನನ್ನ ಮೂಗಿನ ಮೇಲೆ ಖಾಲಿ ಚೌಕಟ್ಟೊಂದನ್ನು ಇಟ್ಟು, ಅದಕ್ಕೆ ಗಾಜು ಸಿಕ್ಕಿಸಿ, ಈಗ ನೋಡಿ ಎಂದ. ಇರುವೆಗಳು ನಿಂತು ಅಕ್ಷರಗಳಾದವು. ಆಗ ಗಿರಿಜಾ ನನ್ನ ಕಡೆ ತಿರುಗಿ, ಕುಣಿಯುತ್ತಿದ್ದ ಮೊಣಕಾಲಿನ ಮೇಲೆ ಕೈ ಇಟ್ಟು, “ಓದು ಅಪ್ಪಾ. ತಪ್ಪಾದ್ರ ಮತ್ತೊಮ್ಮೆ ನೋಡೀಯಂತ,” ಎಂದಳು.